ಮಕ್ಕಳ ಕಣ್ಣಳತೆಯ ಬೆಂಗಳೂರು

ಬೇಸಿಗೆಯ ರಜೆಯೋ ದಸರೆಯ ರಜೆಯೋ ಹತ್ತಿರವಾಯಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಹುಟ್ಟುತ್ತದೆ: ‘ಈ ಸಲ ಮಕ್ಕಳಿಗೆ ಬೆಂಗಳೂರು ತೋರಿಸಿಕೊಂಡು ಬರಬೇಕು.’ ನಮ್ಮ ಕಡೆ ಎಂದರೆ ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ, ಹೆದ್ದಾರಿಯ ಮಗ್ಗುಲಲ್ಲಿರುವ ಐಮಂಗಲ. ಹಿಂದೆ ನಾಲ್ಕನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯಾಗಿದ್ದು ಈಗ ನಲವತ್ತೆಂಟನೆಯದೆನಿಸಿಕೊಂಡಿರುವ ಈ ರಸ್ತೆಯಲ್ಲಿ ಹಗಲು ರಾತ್ರಿಯೆನ್ನದೆ ಬೆಂಗಳೂರಿನ ಬಸ್ಸುಗಳು ಓಡುತ್ತವೆ. ನಮ್ಮ ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿತ ಮೇಲೆ ಮೊದಮೊದಲು ಓದುವ ಶಬ್ದಗಳಲ್ಲಿ ಬಸ್ಸಿನ ಹಣೆಯ ಮೇಲಿನ ‘ಬೆಂಗಳೂರು’ ಎಂಬುದೂ ಒಂದು. ಸುಮಾರು ನೂರೆಂಭತ್ತು ಕಿಲೋಮೀಟರಿನಾಚೆಯ ಆ ಊರನ್ನು ಅವರು ಕಾಣುವುದಕ್ಕೆ ಬಹಳ ಮುಂಚೆಯೇ ಅದರ ಹೆಸರು ಅವರ ಬಾಯಲ್ಲಿ ಪಳಗಿಬಿಟ್ಟಿರುತ್ತದೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ಮೊದಲು ಮಗಳನ್ನೂ, ಈಚೆಗೆ ಮೊಮ್ಮಕ್ಕಳನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗಿಬಂದಿದ್ದೇನೆ. ರಜೆ ಮುಗಿಸಿ ಶಾಲೆಗೆ ಮರಳಿದ ನೂರಾರು ಮಕ್ಕಳ ಬಾಯಿಂದ ಅವರವರ ಬೆಂಗಳೂರಿನ ವರ್ಣನೆಯನ್ನು ಕೇಳಿದ್ದೇನೆ. ಆ ಅನುಭವದ ಬಲದಿಂದ ಒಂದು ವಿಷಯವನ್ನು ವಿಚಾರ ಮಾಡಬಯಸುತ್ತೇನೆ. ನಾವು ‘ತೋರಿಸುತ್ತೇವೆ’ ಎನ್ನುತ್ತೇವಷ್ಟೆ, ಮಕ್ಕಳು ‘ನೋಡುತ್ತಾರೆ’ಯೇ? ನೋಡುವುದಾದರೆ ಏನನ್ನು ನೋಡುತ್ತಾರೆ?

ಹೊರಡುವ ಹಿಂದಿನ ರಾತ್ರಿ ಸಾಮಾನ್ಯವಾಗಿ ಒಂದು ಪಟ್ಟಿ ಸಿದ್ಧವಾಗುತ್ತದೆ. ವಿಧಾನಸೌಧ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಲಾಲ್‌ಬಾಗು, ಬಸವನಗುಡಿಯ ದೊಡ್ಡ ಬಸವಣ್ಣ, ಟಿಪ್ಪುವಿನ ಬೇಸಿಗೆ ಅರಮನೆ, ಬನ್ನೇರುಘಟ್ಟದ ಹುಲಿ ಸಿಂಹ, ಮೆಟ್ರೋ ರೈಲು, ಕೊನೆಗೆ ಒಂದು ಮಾಲು. ಕೈಯಲ್ಲಿರುವ ದಿನಗಳು ಎರಡು. ಬನ್ನೇರುಘಟ್ಟವೊಂದೇ ನಗರದ ನಡುಮಧ್ಯದಿಂದ ಇಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ದೂರ. ವಾಹನಗಳ ಸಂದಣಿಯಲ್ಲಿ ಹೋಗಿಬರುವಷ್ಟರಲ್ಲೇ ಅರ್ಧ ದಿನ ಸವೆಯುತ್ತದೆ. ಎರಡನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಪಟ್ಟಿಯಲ್ಲಿ ಇನ್ನೂ ಮೂರು ಸ್ಥಳ ಉಳಿದಿರುವಾಗ ಮಗು ಪಾದಚಾರಿ ರಸ್ತೆಯ ಮೇಲೆ ಕುಳಿತು ಅಳಲಾರಂಭಿಸುತ್ತದೆ. ‘ಇಷ್ಟು ಖರ್ಚು ಮಾಡಿ ಕರೆದುಕೊಂಡು ಬಂದರೆ ಅಳುತ್ತೀಯಲ್ಲೋ’ ಎಂದು ತಂದೆ ಗದರುತ್ತಾನೆ. ತಾಯಿ ಬೆನ್ನಿಗೊಂದು ಏಟು ಕೊಡುತ್ತಾಳೆ. ಲಾಲ್‌ಬಾಗಿನ ಬಾಗಿಲಲ್ಲಿ ಈ ದೃಶ್ಯವನ್ನು ಯಾವ ಭಾನುವಾರ ಬೇಕಾದರೂ ಕಾಣಬಹುದು. ಈ ಅಳುವಿಗೆ ಹಟವೆಂಬ ಹೆಸರು ಸಲ್ಲದು. ಅದಕ್ಕೆ ಲೆಕ್ಕದಿಂದ ತಿಳಿಯಬಹುದಾದ ಕಾರಣಗಳಿವೆ.

ಮೊದಲನೆಯದು ಹೆಜ್ಜೆಯ ಲೆಕ್ಕ. ದೊಡ್ಡವರ ಒಂದು ಹೆಜ್ಜೆಗೆ ನಾಲ್ಕು ವರ್ಷದ ಮಗುವಿನದು ಹೆಚ್ಚುಕಡಿಮೆ ಎರಡು. ಲಾಲ್‌ಬಾಗಿನ ವಿಸ್ತಾರ 240 ಎಕರೆ. ಅಂದರೆ ಸುಮಾರು ಒಂದು ಚದರ ಕಿಲೋಮೀಟರು. ಒಂದು ಬಾಗಿಲಲ್ಲಿ ಹೊಕ್ಕು, ಗಾಜಿನ ಮನೆ, ಕೆರೆ, ಬಂಡೆಗಳನ್ನು ಸುತ್ತಿ ಹೊರಬರುವಾಗ ನಾವು ಮೂರು ಕಿಲೋಮೀಟರು ನಡೆದಿದ್ದರೆ ಮಗುವಿನ ಕಾಲಿಗೆ ಅದು ಆರು ಕಿಲೋಮೀಟರಿನ ದುಡಿಮೆ.

ಎರಡನೆಯದು ಕಣ್ಣಿನ ಎತ್ತರ. ಆ ವಯಸ್ಸಿನ ಮಗುವಿನ ಕಣ್ಣು ನೆಲದಿಂದ ಮೂರು ಅಡಿಯ ಮೇಲಿರುತ್ತದೆ. ಆಗಸ್ಟ್ ಮತ್ತು ಜನವರಿ ತಿಂಗಳ ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಮೂರು ಅಡಿ ಎತ್ತರದಿಂದ ಕಾಣುವುದೇನು? ಸೀರೆಯ ಅಂಚು, ಪ್ಯಾಂಟಿನ ಮಂಡಿ, ಕೈಚೀಲದ ಬುಡ. ಹೂವಿನ ಗೋಪುರ ನಮ್ಮ ಪಾಲಿಗೆ, ಜನರ ಕಾಲುಗಳು ಮಗುವಿನ ಪಾಲಿಗೆ. ಈ ಮಾತನ್ನು ನಂಬದವರು ಒಮ್ಮೆ ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ನೋಡಬಹುದು.

ಮೂರನೆಯದು ನೆನಪು. ಮೂರು ನಾಲ್ಕು ವರ್ಷಕ್ಕೆ ಮೊದಲಿನ ಅನುಭವಗಳು ದೊಡ್ಡವರಾದ ಮೇಲೆ ಬಹುಮಟ್ಟಿಗೆ ನೆನಪಿನಲ್ಲಿ ಉಳಿಯುವುದಿಲ್ಲವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಅನಂತರದ ವಯಸ್ಸಿನಲ್ಲೂ ಉಳಿಯುವುದು ಯಾವುದೆಂದು ನಾವು ನಿರ್ಧರಿಸುವಂತಿಲ್ಲ. 1988ರಲ್ಲಿ ನನ್ನ ಮಗಳು ಐದು ವರ್ಷದವಳಾಗಿದ್ದಾಗ ರಾಜಾಜಿನಗರದ ಬಂಧುಗಳ ಮನೆಯಲ್ಲಿ ಮೂರು ದಿನ ಇಳಿದುಕೊಂಡಿದ್ದೆವು. ನಗರದ ಮುಖ್ಯ ಕಟ್ಟಡಗಳನ್ನೆಲ್ಲ ನೋಡಿದೆವು. ಆ ಪ್ರವಾಸದಿಂದ ಅವಳಿಗೆ ಇಂದು ಉಳಿದಿರುವುದು ಒಂದೇ: ಮುಂಜಾನೆ ಚಿಕ್ಕಮ್ಮನ ಕೈ ಹಿಡಿದು ಹಾಲಿನ ಬೂತಿನ ಮುಂದೆ ನಿಂತದ್ದು, ಹಸುವಿಲ್ಲದೆ, ಕರುವಿಲ್ಲದೆ, ತಣ್ಣಗಿನ ಪ್ಯಾಕೆಟ್ಟಿನಲ್ಲಿ ಹಾಲು ಬಂದದ್ದು. ಕೊಟ್ಟಿಗೆಯ ಬಿಸಿ ನೊರೆಹಾಲನ್ನು ಬಲ್ಲ ಮಗುವಿಗೆ ಅದೊಂದು ಪವಾಡ. ನಮ್ಮ ಪಟ್ಟಿಯಲ್ಲಿ ಹಾಲಿನ ಬೂತು ಇರಲಿಲ್ಲ.

ಹಾಗಾದರೆ ಇಷ್ಟು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವುದೇ ವ್ಯರ್ಥವೇ? ಖಂಡಿತ ಅಲ್ಲ. ಹಾಲಿನ ಪ್ಯಾಕೆಟ್ಟಿನ ಪ್ರಸಂಗವೇ ನಮಗೆ ದಾರಿ ತೋರಿಸುತ್ತದೆ. ಮಗು ಬೆರಗಾದದ್ದು ಹಾಲನ್ನು ಅದು ಮೊದಲೇ ಬಲ್ಲುದಾಗಿದ್ದರಿಂದ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಹೋಗಬೇಕೆಂಬುದು ಉಪಾಧ್ಯಾಯರ ತರಬೇತಿಯಲ್ಲಿ ಮೊದಲು ಹೇಳಿಕೊಡುವ ಸೂತ್ರ. ಪ್ರವಾಸಕ್ಕೂ ಅದೇ ಸೂತ್ರ ಸಲ್ಲುತ್ತದೆ. ನಮ್ಮ ಕಡೆಯ ಮಗುವಿಗೆ ಗೊತ್ತಿರುವುದು ಕೆರೆ, ಬಂಡೆ, ಮರ. ಈ ಮೂರನ್ನು ಹಿಡಿದು ಬೆಂಗಳೂರನ್ನು ಹೊಕ್ಕರೆ ಆ ಮಹಾನಗರ ಮಗುವಿನ ಕೈಗೆಟುಕುತ್ತದೆ.

ಕೆರೆಯಿಂದ ಆರಂಭಿಸೋಣ. ನಮ್ಮ ಬಸ್ಸು ಹೋಗಿ ನಿಲ್ಲುವುದು ಮೆಜೆಸ್ಟಿಕ್ಕಿನಲ್ಲಿ. ಆ ಕೆಂಪೇಗೌಡ ಬಸ್ ನಿಲ್ದಾಣದ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಎಂಬ ಕೆರೆಯ ಅಂಗಳವಾಗಿತ್ತು. ನಿಲ್ದಾಣದ ಪಕ್ಕದ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ, ಎಂದರೆ ಕೆರೆ ಏರಿಯ ರಸ್ತೆ, ಎಂಬ ಹೆಸರು ಇಂದಿಗೂ ಉಳಿದಿದೆ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. 2023ರ ದಸರೆಯ ರಜೆಯಲ್ಲಿ ಏಳು ವರ್ಷದ ಮೊಮ್ಮಗನಿಗೆ ಈ ಸಂಗತಿಯನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ತಾತ, ಕೋಡಿ ಎಲ್ಲಿತ್ತು?’

ಕೋಡಿಯ ಪ್ರಶ್ನೆ ಅವನಿಗೆ ಎಲ್ಲಿಂದ ಬಂತೆಂದು ನಾನು ಹೇಳಬೇಕು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಆ ಕಾಯುವಿಕೆ ಮುಗಿದಾಗ ಸುತ್ತಿನ ಹಳ್ಳಿಗಳ ಜನ ಜಾತ್ರೆಗೆ ಬರುವಂತೆ ಬಂದರು. ಅಪ್ಪನ ಹೆಗಲ ಮೇಲೆ ಕುಳಿತು ಈ ಹುಡುಗನೂ ನೋಡಿದ್ದ. ಕೆರೆಯೆಂದ ಮೇಲೆ ಕೋಡಿ ಇರಬೇಕು, ಕೋಡಿಯೆಂದ ಮೇಲೆ ನೀರು ಹರಿದುಹೋಗುವ ದಾರಿಯಿರಬೇಕು. ಕೆರೆಯನ್ನು ಮುಚ್ಚಿದರೆ ಆ ನೀರು ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಬೆಂಗಳೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗುವುದನ್ನು ಕುರಿತು ದೊಡ್ಡವರು ನಡೆಸುವ ಚರ್ಚೆಯ ತಿರುಳು ಆ ಒಂದು ಪ್ರಶ್ನೆಯಲ್ಲಿತ್ತು. ನಗರ ಕುಡಿಯುವ ನೀರಿನ ಕಥೆಯನ್ನೂ ಇದರ ಜೊತೆಗೆ ಸೇರಿಸಬಹುದು. ಕಾವೇರಿಯ ನೀರು 1974ರಿಂದ ಬೆಂಗಳೂರಿಗೆ ಬರುತ್ತಿದೆ. ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಅದನ್ನು ಪಂಪು ಮಾಡಿ ಏರಿಸಬೇಕು. ಬಾವಿಯಿಂದ ಹಗ್ಗ ಜಗ್ಗಿ ನೀರು ಸೇದುವುದನ್ನು ನೋಡಿರುವ ಮಗುವಿಗೆ ಈ ಶ್ರಮವನ್ನು ತಿಳಿಸಲು ಬೇರೆ ಪಾಠ ಬೇಕಾಗುವುದಿಲ್ಲ.

ಎರಡನೆಯದು ಬಂಡೆ. ಹೈದರಾಲಿಯ ಕಾಲದಲ್ಲಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಬೆಳೆದ ಲಾಲ್‌ಬಾಗಿಗೆ ಹೋದವರು ಗಾಜಿನ ಮನೆಯ ಕಡೆಗೆ ಧಾವಿಸುವುದು ಸಹಜ. 1889ರಲ್ಲಿ ಅಡಿಗಲ್ಲಿಟ್ಟು ಕಟ್ಟಿದ ಆ ಮನೆ ನೋಡತಕ್ಕದ್ದೇ. ಆದರೆ ಮಕ್ಕಳನ್ನು ಮೊದಲು ಬಂಡೆಯ ಮೇಲೆ ಬಿಡಿ. ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಾಕ್ಟರ್ ಸ್ಮೀತ್ 1916ರಲ್ಲಿ ಈ ಜಾತಿಯ ಶಿಲೆಗೆ ಪರ್ಯಾಯದ್ವೀಪದ ನೈಸ್ ಶಿಲೆಯೆಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮಕ್ಕಳಿಗೆ ಇದಾವುದೂ ಬೇಕಿಲ್ಲ; ಅವರಿಗೆ ಬೇಕಾದದ್ದು ಹತ್ತುವುದು, ಜಾರುವುದು, ಮೇಲೆ ನಿಂತು ಊರು ಎಷ್ಟು ದೂರದವರೆಗೆ ಇದೆಯೆಂದು ನೋಡುವುದು. ನಮ್ಮ ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸಬೇಕಾಗಿಲ್ಲ. ಪರಕೀಯವಾದ ಊರಿನಲ್ಲಿ ಅವರು ತಾವು ಬಲ್ಲ ಕೆಲಸವೊಂದನ್ನು ಮಾಡಿ ಧೈರ್ಯಗೊಳ್ಳುವ ಸ್ಥಳ ಅದು. ಹೆಸರು, ವಯಸ್ಸುಗಳನ್ನು ಅವರು ದಣಿದು ಕುಳಿತ ಮೇಲೆ ಹೇಳಿದರಾಯಿತು.

ಮೂರನೆಯದು ಮರ. ಲಾಲ್‌ಬಾಗು ದೂರದೇಶಗಳಿಂದ ಬಂದ ಗಿಡಮರಗಳು ನಮ್ಮ ಮಣ್ಣಿಗೆ ಒಗ್ಗುತ್ತವೆಯೇ ಎಂದು ಪರೀಕ್ಷಿಸಿದ ತೋಟ. ನಮ್ಮ ಸಾರು ಪಲ್ಯಗಳಲ್ಲಿ ಸೇರಿಹೋಗಿರುವ ಸೀಮೆಬದನೆಯನ್ನು ಇಲ್ಲಿ ಬೆಳೆಸಿ ಹರಡಿದವರು ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರಾನ್ ಎಂದು ತೋಟಗಾರಿಕೆಯ ಚರಿತ್ರೆ ಹೇಳುತ್ತದೆ. ಅವರ ತರುವಾಯ 1908ರಲ್ಲಿ ಅಧಿಕಾರ ವಹಿಸಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ನೆಡಿಸಿದರು. ಬಿಳಿ ಬೂರುಗದ ಹೆಮ್ಮರದ ಬೇರುಗಳು ಗೋಡೆಗಳಂತೆ ಎದ್ದು ನಿಂತಿರುವುದನ್ನು ಕಂಡು ನಾಲ್ಕು ವರ್ಷದ ಮೊಮ್ಮಗಳು ‘ಈ ಮರಕ್ಕೆ ಮನೆಯಿದೆ’ ಎಂದಳು. ಅವಳು ಅಲ್ಲಿ ಅರ್ಧ ಗಂಟೆ ಆಡಿದಳು. ಆ ದಿನ ಟಿಪ್ಪುವಿನ ಅರಮನೆ ಉಳಿದುಹೋಯಿತು. ಅರಮನೆ 1791ರಿಂದ ಅಲ್ಲಿಯೇ ಇದೆ; ಇನ್ನೊಮ್ಮೆ ಹೋದಾಗಲೂ ಇರುತ್ತದೆ.

ಕಟ್ಟಡಗಳನ್ನು ತೋರಿಸಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ಓದಲು ಕಲಿತ ಮಗುವಿಗೆ ವಿಧಾನಸೌಧ ಒಂದು ದೊಡ್ಡ ಪುಸ್ತಕದ ಹಾಗೆ. ಕೆಂಗಲ್ ಹನುಮಂತಯ್ಯನವರ ಕನಸಾಗಿ 1956ರಲ್ಲಿ ಪೂರ್ಣಗೊಂಡ ಆ ಸೌಧದ ಮುಂಭಾಗದಲ್ಲಿ ನಲವತ್ತು ಅಡಿ ಎತ್ತರದ ಹನ್ನೆರಡು ಕಂಬಗಳಿವೆ. ಅವುಗಳನ್ನು ಎಣಿಸುವುದು ಒಂದು ಆಟ. ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ರಸ್ತೆಯ ಆಚೆಯಿಂದ ಕೂಡಿಸಿ ಓದುವುದು ಇನ್ನೊಂದು. ಅಷ್ಟಾದರೆ ಸಾಕು. ನೆಹರೂ ಅವರು 1962ರಲ್ಲಿ ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಮುಟ್ಟಬಹುದಾದ, ಗುಂಡಿಯೊತ್ತಿ ನಡೆಸಬಹುದಾದ ಯಂತ್ರಗಳಿರುವುದರಿಂದ ಅದು ಮಕ್ಕಳಿಗೆ ಹೇಳಿಸಿದ ಸ್ಥಳ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡು ಬೆಳೆದ ಮಗುವಿಗೆ, ತಿರುಗುವ ಚಕ್ರದಿಂದ ದೀಪ ಉರಿಯುವುದು ಹೇಗೆಂಬುದನ್ನು ಅಲ್ಲಿ ತಿಳಿಸಿಕೊಡಬಹುದು. ಆದರೆ ಎಲ್ಲ ಅಂತಸ್ತುಗಳನ್ನೂ ಒಂದೇ ದಿನ ಮುಗಿಸಬೇಕೆಂಬ ಹಟ ಬೇಡ.

ದಿನಚರಿಯ ಬಗ್ಗೆ ಎರಡು ಮಾತು. ದಿನಕ್ಕೆ ಒಂದೇ ಸ್ಥಳ, ಅದೂ ಬೆಳಗಿನ ಹೊತ್ತು. ಮಧ್ಯಾಹ್ನ ಊಟ, ನಿದ್ರೆ. ಸಂಜೆ ಇಳಿದುಕೊಂಡ ಮನೆಯ ಸುತ್ತಮುತ್ತ ಸುಮ್ಮನೆ ಒಂದು ತಿರುಗಾಟ. ಹಾಲಿನ ಬೂತು ಸಿಕ್ಕುವುದು ಇಂತಹ ಹೊತ್ತಿನಲ್ಲೇ. 2011ರಿಂದ ಓಡುತ್ತಿರುವ ಮೆಟ್ರೋ ರೈಲಿನಲ್ಲಿ ಹೋಗುವುದನ್ನು ದಾರಿಯೆಂದು ಎಣಿಸದೆ ಅದನ್ನೇ ಒಂದು ನೋಟವೆಂದು ಎಣಿಸಬೇಕು. ನಿಲ್ದಾಣದ ಚಲಿಸುವ ಮೆಟ್ಟಿಲನ್ನು ಮೊಮ್ಮಗ ಏಳು ಸಲ ಏರಿಳಿದ. ನಮಗೆ ಅದು ಮೆಟ್ಟಿಲು; ಅವನಿಗೆ ಅದೇ ಊರು.

ಇನ್ನು ಜನಸಂದಣಿಯಲ್ಲಿ ಮಗು ತಪ್ಪಿಸಿಕೊಳ್ಳುವ ಭಯ. ಇದಕ್ಕೆ ನಮ್ಮ ಹಿರಿಯರಲ್ಲಿ ಒಳ್ಳೆಯ ಪಾಠವಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೊರಟಾಗ ನಮ್ಮ ತಾಯಿ ‘ಕೈ ಬಿಟ್ಟುಹೋದರೆ ಹುಡುಕಬೇಡ, ಅಳಬೇಡ, ಇಂಥ ಮರದ ಕೆಳಗೆ ನಿಂತಿರು, ನಾವೇ ಬರುತ್ತೇವೆ’ ಎಂದು ಮೊದಲೇ ಗುರುತು ತೋರಿಸಿಡುತ್ತಿದ್ದರು. ಎಲ್ಲಿಗೆ ಹೋದರೂ ಹೊಕ್ಕ ಕೂಡಲೇ ಅಂತಹ ಒಂದು ಗುರುತನ್ನು ಮಗುವಿಗೆ ತೋರಿಸಿ, ಅದರ ಬಾಯಿಂದಲೇ ಹೇಳಿಸಬೇಕು. ಮನೆಯವರ ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡುವುದೂ ಒಳ್ಳೆಯದು.

ಈಗ ನಾನು ಮುಖ್ಯವಾಗಿ ಹೇಳಬಂದ ಮಾತಿಗೆ ಬರುತ್ತೇನೆ. ಕಾಲುನೋವು, ಅಳು, ಖರ್ಚು ಇವೆಲ್ಲ ಊರಿಗೆ ಬಂದ ಎರಡು ದಿನಕ್ಕೆ ಮರೆತುಹೋಗುತ್ತವೆ. ಮರೆಯದೆ ಉಳಿಯಬಹುದಾದದ್ದು ಬೇರೊಂದು. ನಗರದಲ್ಲಿ ಏನನ್ನಾದರೂ ತೋರಿಸುವಾಗ ನಮ್ಮ ಬಾಯಿಂದ ಅರಿವಿಲ್ಲದೆ ಒಂದು ಮಾತು ಹೊರಡುತ್ತದೆ: ‘ನೋಡು, ಇದೆಲ್ಲ ನಮ್ಮೂರಲ್ಲಿ ಇದೆಯಾ?’ ನಾವು ಅದನ್ನು ಮಗುವಿನ ಉತ್ಸಾಹ ಹೆಚ್ಚಿಸಲೆಂದು ಹೇಳುತ್ತೇವೆ. ಮಗು ಅದನ್ನು ತೀರ್ಪೆಂದು ಕೇಳಿಸಿಕೊಳ್ಳುತ್ತದೆ. ರಜೆಯ ನಂತರ ತರಗತಿಯಲ್ಲಿ ‘ನಮ್ಮೂರು’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಿರೆಂದು ಹೇಳಿದಾಗ, ಹಿಂದಿನ ವರ್ಷ ಹಳ್ಳ, ಹುಣಸೆಮರ, ಗುಡಿ ಎಂದು ಪುಟ ತುಂಬಿಸಿದ್ದ ಹುಡುಗಿಯೊಬ್ಬಳು ‘ನಮ್ಮೂರಿನಲ್ಲಿ ಏನೂ ಇಲ್ಲ’ ಎಂದು ಒಂದೇ ವಾಕ್ಯ ಬರೆದು ಪೆನ್ಸಿಲು ಕೆಳಗಿಟ್ಟಿದ್ದಳು. ಅವಳು ಬೆಂಗಳೂರಿಗೆ ಹೋಗಿಬಂದು ಒಂದು ವಾರವಾಗಿತ್ತು. ಒಂದು ಪ್ರವಾಸ ಮಗುವಿಗೆ ಹೊಸ ಊರನ್ನು ಕೊಟ್ಟು ಇರುವ ಊರನ್ನು ಕಿತ್ತುಕೊಂಡರೆ ಲಾಭವೇನು?

‘ಏನೂ ಇಲ್ಲ’ ಎಂಬ ಆ ವಾಕ್ಯ ಎಷ್ಟು ಸುಳ್ಳೆಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರು ದೂರದಲ್ಲಿ, ಐಮಂಗಲಕ್ಕೆ ನೆರೆಯಾದ ಮರಡಿಹಳ್ಳಿಯ ಬಳಿ ಒಂದು ಕಲ್ಲಿನ ದಿಬ್ಬವಿದೆ. ಲಾಲ್‌ಬಾಗಿನ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೈಯೆಲ್ಲ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುತ್ತದೆ. ವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ದಿಂಬುಗಳು ಆದ ಬಗೆ ಸ್ವಾರಸ್ಯವಾದುದು. ನೀರಿನ ತಳದಲ್ಲಿ ನೆಲ ಬಿರಿದು ಕರಗಿದ ಶಿಲಾರಸ ಉಕ್ಕಿದಾಗ, ತಣ್ಣೀರು ತಾಗಿದ ಕ್ಷಣದಲ್ಲೇ ಅದರ ಮೈಮೇಲೆ ಗಟ್ಟಿ ಸಿಪ್ಪೆ ಕಟ್ಟುತ್ತದೆ. ಒಳಗಿನ ರಸ ಇನ್ನೂ ಬಿಸಿಯಾಗಿ ಹರಿಯುತ್ತಿರುತ್ತದೆ. ಹಿಂದಿನಿಂದ ಒತ್ತಡ ಬಂದೊಡನೆ ಸಿಪ್ಪೆ ಸೀಳಿ, ರಸ ಉಬ್ಬಿ ಹೊರಬಂದು, ಅದೂ ಸಿಪ್ಪೆ ಕಟ್ಟುತ್ತದೆ. ಹೀಗೆ ಉಬ್ಬಿನ ಮೇಲೆ ಉಬ್ಬು ಕೂರುತ್ತ ಹೋಗುತ್ತದೆ. ಬೋಂಡದ ಹಿಟ್ಟು ಎಣ್ಣೆಗೆ ಬಿದ್ದಾಗ ಹೊರಗೆ ಗಟ್ಟಿಯಾಗಿ ಒಳಗೆ ಮೆತ್ತಗಿರುವುದನ್ನು ಅಡಿಗೆಮನೆಯಲ್ಲಿ ಕಂಡಿದ್ದೇವೆ. ಅಲ್ಲಿ ಸಿಪ್ಪೆ ಕಟ್ಟಿಸುವುದು ಬಿಸಿ, ಇಲ್ಲಿ ತಂಪು, ಅಷ್ಟೇ ವ್ಯತ್ಯಾಸ. ಇಂತಹ ದಿಂಬುಗಳು ನೀರಿನೊಳಗಲ್ಲದೆ ಆಗುವುದಿಲ್ಲ. ಎಂದರೆ ಮಳೆಗಾಗಿ ಆಕಾಶ ನೋಡುವ ನಮ್ಮ ಈ ಒಣ ಸೀಮೆ ಒಂದು ಕಾಲಕ್ಕೆ ಕಡಲಿನ ತಳವಾಗಿತ್ತು. ಹಾಲಿನ ಪ್ಯಾಕೆಟ್ಟಿಗಿಂತ, ಚಲಿಸುವ ಮೆಟ್ಟಿಲಿಗಿಂತ ಇದು ಕಡಿಮೆ ಪವಾಡವೇ?

ನಾವು ಆ ದಸರೆಯ ರಜೆಯಲ್ಲಿ ಊರಿಗೆ ಮರಳಿದ ಮುಂದಿನ ಭಾನುವಾರವೇ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆವು. ಲಾಲ್‌ಬಾಗಿನಲ್ಲಿ ಬಂಡೆಗೂ ವಯಸ್ಸುಂಟು, ಬಂಡೆಗೂ ಹೆಸರುಂಟು ಎಂದು ತಿಳಿದಿದ್ದ ಹುಡುಗ ಇಲ್ಲಿ ತಾನಾಗಿಯೇ ಕೇಳಿದ: ‘ತಾತ, ಇದಕ್ಕೆ ಎಷ್ಟು ವಯಸ್ಸು?’ ಬೆಂಗಳೂರಿಗೆ ಹೋಗದಿದ್ದರೆ ಆ ಪ್ರಶ್ನೆ ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಊರಿನ ಕೋಡಿಯನ್ನು ಬೆಂಗಳೂರಿಗೆ ಕೊಂಡೊಯ್ದವನು ಬೆಂಗಳೂರಿನ ಬಂಡೆಯನ್ನು ಊರಿಗೆ ತಂದ. ಪ್ರವಾಸ ಎರಡೂ ದಿಕ್ಕಿಗೆ ನಡೆಯಬೇಕೆಂದು ನಾನು ಹೇಳುವುದರ ಅರ್ಥ ಇದು.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕೆಗೆ ಹೋಗಿಬಂದು ಬರೆದ, 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕದ ಹೆಸರು ‘ಅಮೆರಿಕಾದಲ್ಲಿ ಗೊರೂರು’. ಗೊರೂರು ಎಂಬುದು ಲೇಖಕರ ಹೆಸರೂ ಹೌದು, ಹೇಮಾವತಿಯ ದಡದ ಅವರ ಹಳ್ಳಿಯ ಹೆಸರೂ ಹೌದು. ತಮ್ಮ ಊರನ್ನು ಜೊತೆಗೊಯ್ದವರಿಗೆ ಪರದೇಶ ಹೆಚ್ಚು ಸ್ಪಷ್ಟವಾಗಿ ಕಂಡೀತು. ಬೆಂಗಳೂರಿನ ತಂದೆತಾಯಿಗಳು ಮಕ್ಕಳನ್ನು ಮುಂಬಯಿಗೋ ಸಿಂಗಪುರಕ್ಕೋ ಕರೆದೊಯ್ಯುವಾಗಲೂ ಈ ಮಾತು ಸಲ್ಲುತ್ತದೆ. ಅವರ ಮಕ್ಕಳಿಗೂ ಒಂದು ಊರಿದೆ, ಅದರಲ್ಲೂ ಒಂದು ಕೆರೆಯಿದೆ.

ಆದುದರಿಂದ ಮುಂದಿನ ರಜೆಗೆ ಹೊರಡುವವರಲ್ಲಿ ನನ್ನ ಕೋರಿಕೆ ಇಷ್ಟೆ. ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಇನ್ನೂ ಅರ್ಧಕ್ಕೆ ಇಳಿಸಿ. ‘ನಮ್ಮೂರಲ್ಲಿ ಇದೆಯಾ’ ಎಂಬ ಮಾತಿನ ಬದಲು ‘ಇಂಥದ್ದನ್ನು ನಮ್ಮೂರಲ್ಲಿ ಎಲ್ಲಿ ನೋಡಿದ್ದೀಯ’ ಎಂದು ಕೇಳಿ. ಮಗು ಒಂದು ಕಡೆ ನಿಂತರೆ ಎಳೆಯದೆ ನೀವೂ ನಿಲ್ಲಿ. ಊರಿಗೆ ಬಂದ ಮೇಲೆ ಒಂದು ಭಾನುವಾರವನ್ನು ಊರಿಗಾಗಿ ಎತ್ತಿಡಿ. ಮರಡಿಹಳ್ಳಿಯ ದಿಬ್ಬದಲ್ಲಿ ನೆರಳು ಕಡಿಮೆ. ಬೆಳಿಗ್ಗೆ ಬೇಗ ಹೊರಡುವುದು, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು ಕ್ಷೇಮ.